ಗೇಟಿನ ಈಚೆ

ಸುಲ್ತಾನ್ ಬತ್ತೇರಿಯಲ್ಲಿ ಮಗಳಿಗೆ ಎರಡನೇ ಹೆರಿಗೆಯ ನೋವು ಶುರುವಾಗಿದೆಯೆಂದು ಫೋನು ಬಂದಾಗ ಬದನಗುಪ್ಪೆಯಲ್ಲಿ ದೀಪ ಹಚ್ಚುತ್ತಿದ್ದೆ. ಬಾಡಿಗೆ ಕಾರು ಸಿಗುವಷ್ಟರಲ್ಲಿ ಎಂಟೂವರೆ. ಲೇಹ್ಯದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಗುಂಡ್ಲುಪೇಟೆ ದಾಟಿದರೆ, ಕಾಡಂಚಿನಲ್ಲಿ ಗೇಟು ಹಾಕಿತ್ತು. ಕೊಳ್ಳೇಗಾಲದಿಂದ ಕೋಳಿಕ್ಕೋಡಿಗೆ ಹೋಗುವ ಹೆದ್ದಾರಿ 766. ಬಂಡೀಪುರದೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲವೆಂಬ ನಿಷೇಧ 2009ರಲ್ಲೇ ಬಂದದ್ದು. ಆಂಬ್ಯುಲೆನ್ಸಿಗೆ ವಿನಾಯಿತಿಯುಂಟು. ಹೆರುವವಳಾದರೆ ಬಿಟ್ಟಾರು, ಹೆತ್ತವಳನ್ನು ಬಿಡಲಿಲ್ಲ.

ಆರಕ್ಕೆ ಗೇಟು ತೆರೆಯಿತು. ತುಸು ದೂರದಲ್ಲೇ ಆನೆಯೊಂದು ಮರಿಯನ್ನು ಹೊಟ್ಟೆಯಡಿ ಇಟ್ಟುಕೊಂಡು ಟಾರು ರಸ್ತೆ ದಾಟುತ್ತಿತ್ತು. ರಾತ್ರಿಯೆಲ್ಲ ಶಪಿಸಿದ ಬಾಯಿ ಕಟ್ಟಿತು. ಹೊಟ್ಟೆಯ ಉರಿ ಮಾತ್ರ ಆರಲಿಲ್ಲ, ಸುಳ್ಳೇಕೆ ಹೇಳಲಿ?

ಬತ್ತೇರಿ ಮುಟ್ಟಿದಾಗ ಕೂಸು ಹುಟ್ಟಿ ಮೂರು ಗಂಟೆಯಾಗಿತ್ತು.

“ಈಗ ಬಂದ್ಯಾ ಅವ್ವ?” ಎಂದಳು ಮಗಳು.

ಡಬ್ಬಿಯ ಮುಚ್ಚಳ ತೆಗೆಯುತ್ತಾ ಕೂತೆ.