ಝೆರಾಕ್ಸ್ ಅಂಗಡಿಯಲ್ಲಿ ನಮ್ಮ ಹೆಸರು

ಜೂನ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಖರ್ಚು ಎರಡು ಕಡೆಗೆ ಹರಿಯುತ್ತದೆ. ಒಂದು ಕೊಡೆ, ಚಪ್ಪಲಿ, ಮಳೆಗಾಲಕ್ಕೆ ಬೇಕಾದ ಅಕ್ಕಿ, ಒಣಮೀನಿನ ಕಡೆಗೆ. ಇನ್ನೊಂದು ತಾಲೂಕು ಕಚೇರಿಯ ಎದುರಿಗಿರುವ ಸ್ಟೇಶನರಿ ಅಂಗಡಿಯ ಕಡೆಗೆ. ನಿಮ್ಮೂರಿನಲ್ಲೂ ಅಂಥದ್ದೊಂದು ಅಂಗಡಿ ಇದ್ದೇ ಇರುತ್ತದೆ. ಬಾಗಿಲಲ್ಲಿ ಒಂದು ಝೆರಾಕ್ಸ್ ಯಂತ್ರ, ಅದರ ಪಕ್ಕದಲ್ಲಿ ಹಳೆಯ ಕಂಪ್ಯೂಟರ್, ಹಿಂದೆ ಸೀಲಿಂಗ್‌ವರೆಗೂ ಪೇರಿಸಿಟ್ಟ ಲಾಂಗ್ ಬುಕ್ಕುಗಳು. ನೇತುಹಾಕಿದ ಕಂಪಾಸ್ ಬಾಕ್ಸ್‌ಗಳ ನಡುವೆ ಅಂಗಡಿಯವರ ಮುಖ ಅರ್ಧ ಮಾತ್ರ ಕಾಣಿಸುತ್ತದೆ.

ಶಾಲೆ ಶುರುವಾಗುವ ವಾರ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಯಾವ ಶಾಲೆಗೆ ಎಷ್ಟು ಪುಟದ ಪುಸ್ತಕ, ಯಾವ ಶಾಲೆಯ ಟೀಚರಿಗೆ ಖಾಕಿ ಬೈಂಡ್ ಕಾಗದವೇ ಆಗಬೇಕು, ಯಾರಿಗೆ ಗೆರೆಯ ಪುಸ್ತಕ, ಯಾರಿಗೆ ಚೌಕುಳಿಯದು ಎಂಬುದೆಲ್ಲ ಅಂಗಡಿಯ ಅಣ್ಣನಿಗೆ ಬಾಯಿಪಾಠ. ನಾವು ಚೀಟಿ ತೆಗೆದು ಓದುವುದರೊಳಗೆ ಅವರು ಅರ್ಧ ಸಾಮಾನು ಮೇಜಿನ ಮೇಲಿಟ್ಟಿರುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಪುಸ್ತಕ, ಪೆನ್ಸಿಲ್, ರಬ್ಬರ್‌ಗಳ ಮೇಲಿನ ಜಿಎಸ್‌ಟಿ ತೆಗೆದಿದ್ದಾರೆ. ನಮ್ಮಂಥವರಿಗೆ ಅದೊಂದು ಸಮಾಧಾನ. ಆದರೆ ಅದೇ ದಿನದಿಂದ ಪ್ರಿಂಟಿಗೆ ಬಳಸುವ ಕಾಗದದ ತೆರಿಗೆ ಶೇ. 12ರಿಂದ ಶೇ. 18ಕ್ಕೆ ಏರಿತು. "ಮಕ್ಕಳ ಕೈಯ ಪುಸ್ತಕ ಅಗ್ಗ, ನನ್ನ ಯಂತ್ರದ ಕಾಗದ ದುಬಾರಿ" ಎಂದು ಅಣ್ಣ ನಗುತ್ತಾರೆ. ಒಂದು ಪುಟದ ಝೆರಾಕ್ಸಿಗೆ ತೆಗೆದುಕೊಳ್ಳುವ ಎರಡು ರೂಪಾಯಿಯನ್ನು ಮಾತ್ರ ಅವರು ಇನ್ನೂ ಏರಿಸಿಲ್ಲ.

ಈ ಝೆರಾಕ್ಸ್ ಎಂಬ ಪದವೇ ಒಂದು ಕಂಪೆನಿಯ ಹೆಸರು. ನಮ್ಮ ಬಾಯಲ್ಲಿ ಅದು ಕೆಲಸದ ಹೆಸರಾಗಿಬಿಟ್ಟಿದೆ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಎಂಬವರು ಪೇಟೆಂಟ್ ವಿಭಾಗವೊಂದರಲ್ಲಿ ಕೆಲಸಕ್ಕಿದ್ದರು. ದಾಖಲೆಗಳ ಪ್ರತಿ ತೆಗೆಯುವ ಕಷ್ಟ ಅವರಿಗೆ ಅಲ್ಲಿ ಚೆನ್ನಾಗಿ ಅರಿವಾಗಿತ್ತು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಆಸ್ಟೋರಿಯಾದ ಒಂದು ಬಾಡಿಗೆ ಕೋಣೆಯಲ್ಲಿ ಗಂಧಕ ಲೇಪಿಸಿದ ತಗಡು, ಕರವಸ್ತ್ರ ಮತ್ತು ಒಂದಿಷ್ಟು ಪುಡಿ ಬಳಸಿ ಅವರು ಮೊದಲ ಪ್ರತಿ ತೆಗೆದರು. ಅದರಲ್ಲಿದ್ದುದು ಆ ದಿನದ ತಾರೀಕು ಮತ್ತು ಆ ಊರಿನ ಹೆಸರು, ಅಷ್ಟೆ. ಅದು ಅಂಗಡಿ, ಕಚೇರಿಗಳಿಗೆ ಬರುವ ಯಂತ್ರವಾಗಲು 1959ರವರೆಗೆ ಕಾಯಬೇಕಾಯಿತು. ಗ್ರೀಕ್ ಮೂಲದ ಆ ಪದದ ಅರ್ಥ 'ಒಣ' ಎಂದು. ಶಾಯಿಯೂ ಇಲ್ಲ, ನೀರೂ ಇಲ್ಲ. ಪುಡಿ ಕಾಗದದ ಮೇಲೆ ಕೂರುತ್ತದೆ, ಬಿಸಿ ರೋಲರ್ ಅದನ್ನು ಕರಗಿಸಿ ಅಂಟಿಸುತ್ತದೆ. ಹೊಸ ಪ್ರತಿ ಕೈಗೆ ಬೆಚ್ಚಗೆ ತಾಗುವುದು ಅದಕ್ಕೇ.

ಆ ಒಣ ವಿದ್ಯೆಗೆ ನಮ್ಮ ಜುಲೈ ತಿಂಗಳ ಮಳೆ ಒಗ್ಗುವುದಿಲ್ಲ. ಕಾಗದ ಗಾಳಿಯ ತೇವ ಹೀರಿ ಅಂಚಿನಲ್ಲಿ ಸುರುಳಿಯಾಗುತ್ತದೆ, ಯಂತ್ರದೊಳಗೆ ಸಿಕ್ಕಿಕೊಳ್ಳುತ್ತದೆ. ಅಣ್ಣ ಐನೂರು ಹಾಳೆಯ ಕಟ್ಟನ್ನು ಬೇಕಾದಾಗ ಮಾತ್ರ ಒಡೆಯುತ್ತಾರೆ, ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುತ್ತಾರೆ. ಸಾಲಿನಲ್ಲಿ ಹತ್ತು ಜನ ಕಾಯುತ್ತಿರುವಾಗ ಯಂತ್ರದ ಹೊಟ್ಟೆ ತೆರೆದು ಹರಿದ ಕಾಗದ ಎಳೆಯುವ ಅವರ ತಾಳ್ಮೆ ನಮಗೆ ಬಂದರೆ ಸಾಕು ಅನ್ನಿಸುತ್ತದೆ.

ನಮ್ಮ ಹಿರಿಯರ ಕಾಲದಲ್ಲಿ ಪ್ರತಿ ತೆಗೆಯುವುದೆಂದರೆ ಟೈಪಿಂಗ್ ಅಂಗಡಿಯ ಕಾರ್ಬನ್ ಕಾಗದ. ಆಮೇಲೆ ಅದರ ಮೇಲೆ 'ಮೂಲ ಪ್ರತಿಯಂತಿದೆ' ಎಂದು ಗೆಜೆಟೆಡ್ ಅಧಿಕಾರಿಯ ಸಹಿ. ಆ ಸಹಿಗಾಗಿ ಹೈಸ್ಕೂಲು ಹೆಡ್‌ಮಾಸ್ತರರ ಮನೆಯ ಅಂಗಳದಲ್ಲಿ, ಸರಕಾರಿ ವೈದ್ಯರ ಬಾಗಿಲಲ್ಲಿ ಕಾದು ನಿಂತವರು ನಮ್ಮಲ್ಲಿ ಬಹಳ ಮಂದಿ. 2014ರಲ್ಲಿ ಕೇಂದ್ರ ಸರಕಾರ ಸ್ವಯಂ ದೃಢೀಕರಣಕ್ಕೆ ಒತ್ತು ಕೊಟ್ಟ ಮೇಲೆ ಆ ಅಲೆದಾಟ ಕಡಿಮೆಯಾಯಿತು. ನಮ್ಮ ಪ್ರತಿಗೆ ನಾವೇ ಸಾಕ್ಷಿ. ಬಡವನ ಮಾತನ್ನು ನಂಬಲು ಸರಕಾರ ಒಂದು ಹೆಜ್ಜೆ ಮುಂದಿಟ್ಟಿತೆಂದು ಅಂದು ನಮಗೆ ಸಂತೋಷವಾಗಿತ್ತು. ಆದರೆ ಪ್ರತಿಗಳ ಸಂಖ್ಯೆ ಮಾತ್ರ ಕಡಿಮೆಯಾಗಲಿಲ್ಲ. ಸಹಿಯ ಕಷ್ಟ ಹೋದ ಜಾಗಕ್ಕೆ ಹೆಸರಿನ ಕಷ್ಟ ಬಂದು ಕುಳಿತಿತು.

ನಮ್ಮ ಸಮುದಾಯದ ಹೆಸರುಗಳು ಅರಬಿಯಿಂದ ಬಂದವು. ಅವು ಕನ್ನಡಕ್ಕೆ ಬರುವಾಗ ಒಂದು ರೂಪ, ಇಂಗ್ಲಿಷಿಗೆ ಹೋಗುವಾಗ ಇನ್ನೊಂದು. ಮುಹಮ್ಮದ್ ಎಂಬ ಒಂದೇ ಹೆಸರನ್ನು ತೆಗೆದುಕೊಳ್ಳಿ. ಕನ್ನಡದಲ್ಲೇ ಮಹಮ್ಮದ್, ಮೊಹಮ್ಮದ್, ಮುಹಮ್ಮದ್ ಎಂದು ಮೂರು ಬಗೆ. ಇಂಗ್ಲಿಷಿನಲ್ಲಿ ಮೊದಲಿಗೆ 'ಒ'ಯೋ 'ಯು'ವೋ, ನಡುವೆ 'ಎಂ' ಒಂದೋ ಎರಡೋ, ಕೊನೆಗೆ 'ಎ'ಯೋ 'ಇ'ಯೋ ಎಂಬುದು ಶಾಲೆಗೆ ಸೇರಿಸಿಕೊಂಡ ಮಾಸ್ತರರ ಅಂದಿನ ಮನಸ್ಸಿಗೆ ಬಿಟ್ಟದ್ದು. ಅದರ ಮೇಲೆ ತಂದೆಯ ಹೆಸರು, ಮನೆತನದ ಹೆಸರು, ಊರಿನ ಹೆಸರಿನ ಮೊದಲಕ್ಷರ ಬೇರೆ. ಮನೆಯಲ್ಲಿ ಕರೆಯುವವರಿಗೆ ಇದರಿಂದ ತೊಂದರೆಯಿಲ್ಲ. ಕಂಪ್ಯೂಟರಿಗೆ ಮಾತ್ರ ಒಂದಕ್ಷರ ಬದಲಾದರೆ ಮನುಷ್ಯನೇ ಬೇರೆ. 2022ರ ನವೆಂಬರಿನಲ್ಲಿ ಯುಎಇಯು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲ ಎಂದಾಗ ನಮ್ಮ ಅಂಗಡಿಯ ಮುಂದೆ ನೆರೆದ ಯುವಕರ ಗಾಬರಿ ಈಗಲೂ ಕಣ್ಣ ಮುಂದಿದೆ.

ನಮ್ಮ ನೆರೆಮನೆಯ ಅಜ್ಜಿಯ ವಿಧವಾ ವೇತನದ ಅರ್ಜಿ ಎರಡು ಬಾರಿ ಹಿಂದಕ್ಕೆ ಬಂದಿತ್ತು. ಏಕೆ ಎಂದು ಕೌಂಟರಿನಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. "ಸರಿಯಿಲ್ಲ, ಸರಿ ಮಾಡಿಕೊಂಡು ಬನ್ನಿ" ಎಂಬುದಷ್ಟೇ ಉತ್ತರ. ಮೂರನೆಯ ಬಾರಿಗೆ ಪ್ರತಿ ತೆಗೆಸಲು ನಾವು ಅವರನ್ನು ಕರೆದುಕೊಂಡು ಹೋದೆವು. ಅಣ್ಣ ಪ್ರತಿಗಳನ್ನು ಕೊಡುವ ಮೊದಲು ಪಡಿತರ ಚೀಟಿ, ಮತದಾರರ ಚೀಟಿ, ಆಧಾರ್ ಮೂರನ್ನೂ ಗಾಜಿನ ಮೇಲೆ ಸಾಲಾಗಿಟ್ಟು ನೋಡಿದರು.

"ಅಮ್ಮಾ, ನಿಮ್ಮ ಹೆಸರು ಒಂದರಲ್ಲಿ 'ಪ', ಒಂದರಲ್ಲಿ 'ಫ'. ಇಲ್ಲಿ ಗಂಡನ ಹೆಸರಿನ ಕೊನೆಗೆ ಬ್ಯಾರಿ ಅಂತ ಉಂಟು, ಅಲ್ಲಿ ಇಲ್ಲ. ಅದಕ್ಕೇ ಹಿಂದೆ ಬರುವುದು."

"ನಾನು ಒಬ್ಬಳೇ ಅಲ್ವಾ ಮಗಾ?" ಎಂದರು ಅಜ್ಜಿ.

"ನೀವು ಒಬ್ಬರೇ. ಕಾಗದದಲ್ಲಿ ಮೂವರು ಇದ್ದೀರಿ."

ಅಂದು ಅವರೇ ಅಫಿಡವಿಟ್ ಟೈಪ್ ಮಾಡಿದರು, ನೋಟರಿಯ ಬಳಿಗೆ ದಾರಿ ತೋರಿಸಿದರು, ಆಧಾರ್ ತಿದ್ದುಪಡಿಗೆ ಯಾವ ದಿನ ಹೋದರೆ ಸಾಲು ಕಡಿಮೆ ಎಂದೂ ಹೇಳಿದರು. ಐದನೆಯ ತಿಂಗಳಿಗೆ ಅಜ್ಜಿಯ ಖಾತೆಗೆ ಹಣ ಬಂತು. ಆ ಕುಟುಂಬಕ್ಕೆ ಅದು ಮದ್ದಿನ ಖರ್ಚು. ಅಂಗಡಿಯಲ್ಲಿ ಆದ ಬಿಲ್ಲು ಮೂವತ್ತೆರಡು ರೂಪಾಯಿ. ಓದಿ ಹೇಳಿದ್ದಕ್ಕೆ ಅವರು ಬಿಲ್ಲು ಮಾಡಲಿಲ್ಲ. ಅಕ್ಷರ ಬಲ್ಲ ಒಬ್ಬ ಮನುಷ್ಯ ಐದು ನಿಮಿಷ ಕೊಟ್ಟದ್ದರಿಂದ ಆದ ಕೆಲಸವಿದು. ಆ ಐದು ನಿಮಿಷ ಸಂಬಳ ಪಡೆಯುವ ಕೌಂಟರಿನಲ್ಲಿ ಸಿಗಬೇಕಾಗಿತ್ತು.

2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದ ನಂತರದ ತಿಂಗಳುಗಳಲ್ಲಿ ಈ ಅಂಗಡಿಯಲ್ಲಿ ಕಂಡ ಜನಸಂದಣಿ ಬೇರೆಯೇ ತರದ್ದು. ಯಾವ ಅರ್ಜಿಯೂ ಇರಲಿಲ್ಲ, ಯಾರೂ ಏನನ್ನೂ ಕೇಳಿರಲಿಲ್ಲ. ಆದರೂ ಅಜ್ಜನ ಕಾಲದ ಜಾಗದ ಪತ್ರ, ತಂದೆಯ ಶಾಲೆಯ ಟಿ.ಸಿ. ಹೊತ್ತು ಜನ ಬರುತ್ತಿದ್ದರು. ಮಡಿಕೆಯಲ್ಲಿ ಹರಿದ, ಗೆದ್ದಲು ತಿಂದ ಕಾಗದಗಳನ್ನು ಅಣ್ಣ ಎರಡು ಕೈಯಿಂದ ಮೆಲ್ಲಗೆ ಗಾಜಿನ ಮೇಲೆ ಹರಡುತ್ತಿದ್ದರು. ಅವರು ನಮ್ಮ ಧರ್ಮದವರಲ್ಲ. ಆ ದಿನಗಳಲ್ಲಿ ಅಂಗಡಿಯಲ್ಲಿ ರಾಜಕೀಯದ ಮಾತಾಡಿದ್ದನ್ನು ನಾವು ಕೇಳಲಿಲ್ಲ. ಮಸುಕಾದ ಅಕ್ಷರ ಕಾಣುವವರೆಗೆ ಮೂರು, ನಾಲ್ಕು ಬಾರಿ ತೆಗೆದು, ಒಳ್ಳೆಯದೊಂದಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳುತ್ತಿದ್ದರು. ನೆರೆಹೊರೆ ಎಂದು ನಾವು ಸಭೆಗಳಲ್ಲಿ ಹೇಳುವ ಮಾತಿಗೆ ಇಷ್ಟು ಸರಳವಾದ ಉದಾಹರಣೆ ಬೇರೆ ಎಲ್ಲಿ ಸಿಗುತ್ತದೆ?

ಅವರು ಬೇಡವೆಂದು ವಾಪಸು ಕಳಿಸುವ ಕೆಲಸವೂ ಒಂದಿದೆ. ಪದವಿ ಪ್ರಮಾಣಪತ್ರ ಹಿಡಿದುಕೊಂಡು ಲ್ಯಾಮಿನೇಶನ್ ಮಾಡಿಸಲು ಬಂದ ಹುಡುಗರನ್ನು ಮೊದಲು ಕೇಳುತ್ತಾರೆ: "ಗಲ್ಫಿಗೆ ಹೋಗುವ ಅಂದಾಜು ಉಂಟಾ?" ಉಂಟು ಎಂದರೆ ಮುಟ್ಟುವುದಿಲ್ಲ. ವಿದೇಶಕ್ಕಾಗಿ ದೃಢೀಕರಿಸುವಾಗ ಮೂಲ ಪತ್ರದ ಹಿಂಬದಿಗೆ ಮುದ್ರೆ ಬೀಳಬೇಕು, ಸ್ಟಿಕ್ಕರ್ ಅಂಟಬೇಕು. ಪ್ಲಾಸ್ಟಿಕ್ಕಿನ ಮೇಲೆ ಅದು ನಡೆಯುವುದಿಲ್ಲ. ಬಿಸಿಯಲ್ಲಿ ಅಂಟಿದ ಪದರವನ್ನು ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ. ಮೂವತ್ತು ರೂಪಾಯಿಯ ವ್ಯಾಪಾರ ಬಿಟ್ಟು "ಒಂದು ಫೈಲ್ ಕವರ್ ತೆಗೆದುಕೊಂಡು ಹೋಗು" ಎನ್ನುವ ವ್ಯಾಪಾರಿಗಳು ಎಷ್ಟು ಮಂದಿ ಇದ್ದಾರೆ?

ಇಷ್ಟೆಲ್ಲ ಹೇಳಿದ ಮೇಲೆ ನಮ್ಮನ್ನು ಕಾಡುವ ಒಂದು ಸಂಗತಿಯನ್ನೂ ಹೇಳಬೇಕು. ಈಗ ನಾವು ದಾಖಲೆಗಳನ್ನು ಕೈಯಲ್ಲಿ ಕೊಡುವುದಿಲ್ಲ, ಅಂಗಡಿಯ ನಂಬರಿಗೆ ವಾಟ್ಸ್‌ಆ್ಯಪ್ ಮಾಡುತ್ತೇವೆ. ಪ್ರಿಂಟು ತೆಗೆದುಕೊಂಡು ಮನೆಗೆ ಬರುತ್ತೇವೆ, ಫೈಲು ಅಲ್ಲೇ ಉಳಿಯುತ್ತದೆ. ಒಂದು ಪೇಟೆಯ ಅರ್ಧದಷ್ಟು ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಹೆಣ್ಣುಮಕ್ಕಳ ಫೋಟೋ ಒಂದು ಹಳೆಯ ಕಂಪ್ಯೂಟರಿನಲ್ಲಿ ಬಿದ್ದಿರುತ್ತದೆ. ನಮ್ಮ ಅಣ್ಣ ಸಂಜೆ ಬಾಗಿಲು ಹಾಕುವಾಗ ಎಲ್ಲವನ್ನೂ ಅಳಿಸುತ್ತಾರೆ, ಕೆಟ್ಟ ಪ್ರತಿಗಳನ್ನು ಹರಿದು ಚೂರು ಮಾಡುತ್ತಾರೆ. ಆದರೆ ಎಲ್ಲ ಕಡೆ ಹೀಗೆ ನಡೆಯುವುದಿಲ್ಲ. ನೆಲಗಡಲೆ ಕಟ್ಟಿಕೊಟ್ಟ ಕಾಗದ ಬಿಚ್ಚಿ ನೋಡಿದರೆ ಯಾರದೋ ಮಗಳ ಅಂಕಪಟ್ಟಿಯ ಪ್ರತಿ ಇದ್ದದ್ದನ್ನು ನಾವು ನೋಡಿದ್ದೇವೆ.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರಿನ ಪ್ರಾದೇಶಿಕ ಕಚೇರಿಯು ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ ಎಂದು ಪ್ರಕಟಣೆ ಹೊರಡಿಸಿತ್ತು. ತಪ್ಪು ಅರ್ಥ ಬರಬಹುದೆಂದು ಎರಡೇ ದಿನಗಳಲ್ಲಿ, ಮೇ 29ರಂದು, ಕೇಂದ್ರ ಅದನ್ನು ಹಿಂದಕ್ಕೆ ಪಡೆಯಿತು. ಪ್ರಕಟಣೆ ಹೋದರೂ ಎಚ್ಚರಿಕೆ ಹೋಗಬೇಕಾಗಿಲ್ಲ. ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದಲೇ ಪಡೆಯಬಹುದು. ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ತಾರೀಕಿಗೆ ಕೊಟ್ಟದ್ದು ಎಂದು ಬರೆದು ಸಹಿ ಹಾಕಬಹುದು. ಪ್ರಿಂಟು ಕೈಗೆ ಬಂದ ಕೂಡಲೇ "ಅಣ್ಣಾ, ಅದನ್ನು ಅಳಿಸಿಬಿಡಿ" ಎನ್ನಲು ನಾಚಿಕೆ ಬೇಕಾಗಿಲ್ಲ.

ನಕಲು ತೆಗೆಯುವ ಅಂಗಡಿಯ ಮೇಲೆ ದೊಡ್ಡವರ ಕಣ್ಣು ಬಿದ್ದದ್ದೂ ಉಂಟು. ದಿಲ್ಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೋಕಾಪಿ ಎಂಬ ಸಣ್ಣ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ಪ್ರಕಾಶಕರು ಮೊಕದ್ದಮೆ ಹೂಡಿದರು. ಪಾಠಕ್ಕೆ ಬೇಕಾದ ಪುಟಗಳನ್ನು ಕಟ್ಟಿ ವಿದ್ಯಾರ್ಥಿಗಳಿಗೆ ಮಾರುತ್ತಾರೆ ಎಂಬುದು ದೂರು. 2016ರ ಸೆಪ್ಟೆಂಬರಿನಲ್ಲಿ ದಿಲ್ಲಿ ಹೈಕೋರ್ಟು ದಾವೆಯನ್ನು ವಜಾ ಮಾಡಿತು. ಬೋಧನೆಗಾಗಿ ಪ್ರತಿ ತೆಗೆಯಲು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಅವಕಾಶವಿದೆ ಎಂಬುದು ಮುಖ್ಯ ಆಧಾರ. ಡಿಸೆಂಬರಿನಲ್ಲಿ ಮೇಲಿನ ಪೀಠವು ಕೆಲವು ಅಂಶಗಳ ವಿಚಾರಣೆಗಾಗಿ ಮೊಕದ್ದಮೆಯನ್ನು ಹಿಂದಕ್ಕೆ ಕಳಿಸಿದರೂ ಬೋಧನೆಗೆ ಪ್ರತಿ ತೆಗೆಯುವ ಹಕ್ಕನ್ನು ಎತ್ತಿಹಿಡಿಯಿತು. 2017ರ ಮಾರ್ಚಿನಲ್ಲಿ ಪ್ರಕಾಶಕರೇ ಹಿಂದೆ ಸರಿದರು. ಸಾವಿರಾರು ರೂಪಾಯಿಯ ಪುಸ್ತಕ ಕೊಳ್ಳಲಾಗದ ಮನೆಯ ಮಕ್ಕಳು ಓದಿ ಮುಂದೆ ಬಂದುದರಲ್ಲಿ ಸ್ಪೈರಲ್ ಬೈಂಡಿಂಗಿನ ಪಾಲೂ ಇದೆ ಎಂಬುದು ನಮ್ಮ ಮನೆಗಳಲ್ಲೂ ಗೊತ್ತಿರುವ ಸತ್ಯ.

ಕಾಗದವಿಲ್ಲದ ಕಾಲ ಬರುತ್ತದೆ ಎನ್ನುತ್ತಾರೆ. ಬರಲಿ. ಡಿಜಿಲಾಕರ್ 2015ರಿಂದಲೇ ಇದೆ, ನಮ್ಮ ಮಕ್ಕಳು ಅಂಕಪಟ್ಟಿಯನ್ನು ಫೋನಿನಲ್ಲೇ ತೋರಿಸುತ್ತಾರೆ. ಆದರೆ ಕಾಗದದಲ್ಲಿದ್ದ 'ಪ' ಮತ್ತು 'ಫ'ದ ಜಗಳ ಫೋನಿಗೆ ಹೋದ ಕೂಡಲೇ ಮುಗಿಯುವುದಿಲ್ಲ. ಅದನ್ನು ಮುಗಿಸುವ ಕೆಲಸ ನಮ್ಮ ಕೈಯಲ್ಲೂ ಸ್ವಲ್ಪ ಇದೆ. ಮಗು ಹುಟ್ಟಿದಾಗ ಜನನ ಪ್ರಮಾಣಪತ್ರಕ್ಕೆ ಹೆಸರನ್ನು ಬಾಯಲ್ಲಿ ಹೇಳದೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪ ಅಕ್ಷರದಲ್ಲಿ ಬರೆದು ಕೊಡೋಣ. ಶಾಲೆಗೆ ಸೇರಿಸುವಾಗ ಅದೇ ಕಾಗುಣಿತ ಇರಲಿ. ನಮ್ಮ ಮಸೀದಿ, ಸಂಘಗಳು ವರ್ಷಕ್ಕೊಂದು ದಿನ ಕುಳಿತು ಮೊಹಲ್ಲಾದ ಮುದುಕರ, ವಿಧವೆಯರ ಕಾಗದಗಳನ್ನು ಸಾಲಾಗಿಟ್ಟು ನೋಡಿದರೆ ಎಷ್ಟೋ ಅರ್ಜಿಗಳು ಹಿಂದಕ್ಕೆ ಬರಲಾರವು. ಅದಕ್ಕೆ ಬೇಕಾಗುವುದು ಒಂದು ಉದ್ದದ ಮೇಜು, ಓದಲು ಬರುವ ನಾಲ್ಕು ಮಂದಿ ಮತ್ತು ಒಂದಿಷ್ಟು ತಾಳ್ಮೆ. ಪ್ರತಿ ತೆಗೆಸಲು ಎದುರಿನ ಅಂಗಡಿ ಹೇಗೂ ತೆರೆದಿರುತ್ತದೆ.