ಮನೆಗೊಂದು ಫೋನು, ರೋಗಿಯದೊಂದು ಗುಟ್ಟು

ನಿಮ್ಮ ಮನೆಯ ಮೊಬೈಲ್ ಫೋನು ಯಾರದು? ನಮ್ಮಲ್ಲಿ ಅದು ಬಾವಿಯ ಹಗ್ಗವಿದ್ದಂತೆ; ಕೈಗೆ ಸಿಕ್ಕವರದು. ಕಳೆದ ವರ್ಷ ತಂಗಿಯು ರಕ್ತಪರೀಕ್ಷೆಗೆ ಹೋದಾಗ, ತನಗೆ ಬೇರೆ ಫೋನಿಲ್ಲದ ಕಾರಣ, ನನ್ನ ನಂಬರನ್ನೇ ಬರೆಸಿದ್ದಳು. ಸಂಜೆ ವರದಿ ಬಂದಿತು. ಫೋನು ಹಿಡಿದು ಆಡುತ್ತಿದ್ದ ಮೊಮ್ಮಗನು ಪಡಸಾಲೆಯಲ್ಲಿ, ನೆಂಟರ ಎದುರಿಗೆ, ಅದನ್ನು ಪಾಠದಂತೆ ಗಟ್ಟಿಯಾಗಿ ಓದಿಬಿಟ್ಟನು. ತಂಗಿ ಏನೂ ಅನ್ನಲಿಲ್ಲ. ಎದ್ದು ಒಳಗೆ ಹೋದಳು. ತರುವಾಯ ಬಹುಕಾಲ ಪರೀಕ್ಷೆಗೆ ಹೋಗಲೊಪ್ಪಲಿಲ್ಲ.

ತಪ್ಪು ಹುಡುಗನದೆಂದೇ ಭಾವಿಸಿದ್ದೆನು. 2018ರಲ್ಲಿ ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ಓದಿದ ಮೇಲೆ ನನ್ನ ಎಣಿಕೆ ಬದಲಾಯಿತು. ಅವರು ಯಂತ್ರವನ್ನಲ್ಲ, ಅದನ್ನು ಹಿಡಿದವರನ್ನು ವಿಚಾರಿಸಿದರು: ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ 199 ಮಹಿಳೆಯರನ್ನು. ಒಬ್ಬರಿಗೊಂದು ಫೋನೆಂಬುದು ತಯಾರಕರ ಕಲ್ಪನೆ. ಇಲ್ಲಿಯೋ ತಾಯಿಯ ಫೋನು ಮಕ್ಕಳದೂ ಹೌದು. ಬೀಗ ಹಾಕಿದರೆ ಸಂಶಯ. ಆದುದರಿಂದ ಹಲವರು ಸಂದೇಶಗಳನ್ನು ಒಂದೊಂದಾಗಿ ಅಳಿಸಿಯೇ ಫೋನನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರಲ್ಲಿಯೇ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು. ಸಂತೋಷವೇ. ಆದರೆ ತಂಗಿ ತುಂಬಿದ ಅರ್ಜಿಯಲ್ಲಿ, ಈ ನಂಬರು ಯಾರ ಕೈಯಲ್ಲಿರುತ್ತದೆಂಬ ಪ್ರಶ್ನೆಗೆ ಸ್ಥಳವಿರಲಿಲ್ಲ.

ಮೊನ್ನೆ ಅವಳೊಡನೆ ಮತ್ತೆ ಹೋಗಿದ್ದೆನು. ವರದಿಯನ್ನು ಕಾಗದದಲ್ಲಿ, ಅವಳ ಕೈಗೇ ಕೊಡಿರೆಂದು ಕೇಳಿದೆವು. ಗುಮಾಸ್ತನು ಆಶ್ಚರ್ಯಪಟ್ಟು, ಒಂದು ಗಂಟೆ ಕಾಯಿಸಿ ಕೊಟ್ಟನು. ತಂಗಿ ಅದನ್ನು ನಾಲ್ಕಾಗಿ ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಅದರಲ್ಲೇನಿದೆಯೆಂದು ನಾನೂ ಕೇಳಲಿಲ್ಲ.