ಆತಕೂರಿನ ಕಾಳಿ

ಮಂಡ್ಯ ತಾಲ್ಲೂಕಿನ ಹೊಳಲು ಗ್ರಾಮದ ಹೆಸರಿನಲ್ಲಿಯೇ ಒಂದು ಸ್ವಾರಸ್ಯವುಂಟು. ಹಳಗನ್ನಡದಲ್ಲಿ ‘ಪೊಳಲ್’ ಎಂದರೆ ಪಟ್ಟಣ. ಪಟ್ಟಣದ ಗದ್ದಲವಾದರೋ ಇಲ್ಲಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಈ ಸೀಮೆಯಲ್ಲಿ ಕಣ್ಣಿಗೆ ಬೀಳುವುದು ಕಬ್ಬು, ಬತ್ತ, ಆಲೆಮನೆಯ ಹೊಗೆ. ಜಗಲಿಯ ನೆರಳಿನಲ್ಲಿ ಮುಂಗಾಲ ಮೇಲೆ ಮೂತಿಯಿಟ್ಟು ನಿದ್ರಿಸುವ ನಾಯಿ.

ಇಂತಹ ನಿದ್ರೆಯನ್ನು ಅಕ್ಕರೆಯಿಂದ ಕಂಡವರು ಹದಿನೇಳನೆಯ ಶತಮಾನದ ಡಚ್ ಕಲಾವಿದರು. ಕರಿಯ ಸೀಮೆಸುಣ್ಣದ ಕೆಲವೇ ಗೆರೆಗಳಲ್ಲಿ ಮಲಗಿದ ನಾಯಿಯ ಮೈಭಾರವನ್ನೆಲ್ಲ ಅವರು ಕಾಗದಕ್ಕಿಳಿಸಿದರು. ರೆಂಬ್ರಾಂಟನೂ 1640ರ ಸುಮಾರಿಗೆ ನಿದ್ರಿಸುವ ಮರಿಯೊಂದನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ತೆಗೆದನು. ಮಂಡ್ಯದ ಸೀಮೆಯಲ್ಲಿ ಅದಕ್ಕೂ ಸುಮಾರು ಏಳುನೂರು ವರ್ಷ ಮೊದಲೇ ಶಿಲ್ಪಿಯೊಬ್ಬನು ನಾಯಿಯೊಂದನ್ನು ಕಲ್ಲಿನಲ್ಲಿ ಕಡೆದಿದ್ದನು. ಆದರೆ ಆ ನಾಯಿ ಮಲಗಿಲ್ಲ, ಕಾದುತ್ತಿದೆ.

ಆ ಊರು ಮದ್ದೂರು ತಾಲ್ಲೂಕಿನ ಆತಕೂರು. ಶಕವರ್ಷ 872, ಎಂದರೆ ಕ್ರಿ.ಶ. 949-50ರ ಕಲ್ಲು ಅದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನೂ ಅವನ ಭಾವಮೈದುನ ಗಂಗರ ಇಮ್ಮಡಿ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದರು. ಚೋಳ ರಾಜಕುಮಾರ ರಾಜಾದಿತ್ಯನು ಅಲ್ಲಿ ಮಡಿದನು. ಬೂತುಗನ ಸೇವೆಯಲ್ಲಿದ್ದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂಬ ಮಾತು ಬಂದಾಗ ಆ ವೀರನು ಕೇಳಿದುದು ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು! ಬಹುಮಾನವಾಗಿ ಊರುಗಳೂ ಅವನಿಗೆ ದೊರೆತುವು. ಆದರೆ ಬಾಯಿಬಿಟ್ಟು ಬೇಡಿದುದು ನಾಯಿಯನ್ನೇ.

ಕೆಲಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಕಾಳಿಯನ್ನು ಬಿಡಲಾಯಿತು. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಜೊತೆಯಲ್ಲಿಯೇ ಸತ್ತುವು. ಮಣಲೇರನು ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಡಿಸಿದನು. ಗುಡಿಯ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂದೂ ಬರೆಸಿದನು. ಸಾಕಿದವನ ದುಃಖ ಎಷ್ಟಿತ್ತೆಂಬುದಕ್ಕೆ ಈ ಕಟ್ಟಳೆಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ವಿನೋದವೆಂದರೆ, ತಕ್ಕೋಲದ ಮಹಾಯುದ್ಧದ ಸಂಗತಿಗೆ ಇತಿಹಾಸಕಾರರು ಇಂದಿಗೂ ಈ ನಾಯಿಯ ಕಲ್ಲನ್ನೇ ಆಶ್ರಯಿಸುತ್ತಾರೆ. ಸೋತ ಚೋಳರ ಕಡೆಯ ಮಾತು ಸಿಗುವುದು, ಡಚ್ಚರ ನಾಡು ಸೇರಿ ‘ಲೈಡನ್ ಶಾಸನ’ವೆಂದೇ ಹೆಸರಾದ ತಾಮ್ರಪಟಗಳಲ್ಲಿ. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂದು ಅವು ಹೇಳುತ್ತವೆ. ಬೂತುಗನು ಅವನನ್ನು ಕೊಂದನೆನ್ನುತ್ತದೆ ಆತಕೂರಿನ ಕಲ್ಲು.

ಕಲ್ಲು ಈಗ ಆತಕೂರಿನಲ್ಲಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸೊತ್ತಾಗಿದೆ. ಅದನ್ನು ಪೂಜಿಸಿ ಉಣ್ಣುವ ಗೊರವನೂ ಅಲ್ಲಿಲ್ಲ. ಹತ್ತನೆಯ ಶತಮಾನದ ಅಕ್ಷರಗಳನ್ನು ಓದಬಲ್ಲವರು ವಿರಳ. ಸೆಣಸುವ ನಾಯಿ-ಹಂದಿಗಳನ್ನಾದರೋ ಸಣ್ಣ ಮಕ್ಕಳೂ ಗುರುತು ಹಿಡಿದಾರು.